ನಡುವೆ ಮುರಿದಿದ್ದ ದಾರಿ

ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವವನಿಗೆ ಒಂದು ಅಪಾಯ ಉಂಟು. ಬಾಯಿಗೆ ಬಂದದ್ದನ್ನು ಆಡಿ ಅವನು ಮರೆತುಬಿಡುತ್ತಾನೆ. ಕೇಳಿದ ಹುಡುಗರು ಮರೆಯುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದವನು. ಎರಡನೆಯ ಮಹಾಯುದ್ಧದ ಪಾಠ ಮುಗಿಯುವ ದಿನ ಯಾರಾದರೊಬ್ಬ ಹುಡುಗ ಎದ್ದು ನಿಂತು, “ಹಿಟ್ಲರ್ ಒಳ್ಳೆಯ ಕೆಲಸ ಒಂದೂ ಮಾಡಲಿಲ್ಲವೇ ಸಾರ್?” ಎಂದು ಕೇಳುವುದು ವಾಡಿಕೆಯಾಗಿತ್ತು. ನಾನೂ ವಾಡಿಕೆಯಂತೆ, “ಮಾಡದೆ ಏನು? ಆಟೋಬಾನ್ ಎಂಬ ಹೆದ್ದಾರಿಗಳನ್ನು ಮಾಡಿಸಿದನಲ್ಲ! ಇವತ್ತಿಗೂ ಕಲ್ಲಿನಂತೆ ಇವೆ” ಎಂದು ಹೇಳಿ ಗಂಟೆ ಹೊಡೆಯುವುದನ್ನು ಕಾಯುತ್ತಿದ್ದೆ. ನಮ್ಮೂರ ಬೀದಿಗಳನ್ನು ಬಲ್ಲ ಹುಡುಗರು ತಲೆದೂಗುತ್ತಿದ್ದರು. ಶತ್ರುವಿಗೂ ಸಲ್ಲಬೇಕಾದದ್ದನ್ನು ಸಲ್ಲಿಸುವ ನ್ಯಾಯವಂತ ಮೇಷ್ಟರು ನಾನು ಎಂದು ನನಗೂ ಒಳಗೊಳಗೇ ಹೆಮ್ಮೆ.

ನಿವೃತ್ತನಾದ ಮೇಲೆ ಒಂದು ಮದುವೆಯ ಮನೆಯಲ್ಲಿ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಈಗ ಅವನೂ ಚರಿತ್ರೆಯ ಮೇಷ್ಟರೇ. “ಹಿಟ್ಲರನ ರಸ್ತೆಯ ವಿಷಯ ನೀವು ಹೇಳಿದ್ದನ್ನೇ ನಾನೂ ಹುಡುಗರಿಗೆ ಹೇಳುತ್ತೇನೆ ಸಾರ್” ಎಂದ. ಎಲೆಯ ಮುಂದೆ ಕೂತಿದ್ದ ನಾನು ನಕ್ಕು ಸುಮ್ಮನಾದೆ. ಆ ರಸ್ತೆಗಳನ್ನು ನಾನು ಕಣ್ಣಿನಿಂದ ಕಂಡಿರಲಿಲ್ಲ. ಅವುಗಳ ಚರಿತ್ರೆಯನ್ನು ಸರಿಯಾಗಿ ಓದಿಯೂ ಇರಲಿಲ್ಲ.

ಎರಡಕ್ಕೂ ಕಾಲ ಕೂಡಿ ಬಂದದ್ದು ಮಗ ಮ್ಯೂನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಅವನ ಮನೆಯ ಮೇಲಂತಸ್ತಿನಲ್ಲಿ ಎಪ್ಪತ್ತು ದಾಟಿದ ಜರ್ಮನ್ ವೃದ್ಧರೊಬ್ಬರಿದ್ದರು. ಹುಟ್ಟಿ ಬೆಳೆದದ್ದು ಬರ್ಲಿನ್ನಿನ ಪಶ್ಚಿಮ ಭಾಗದಲ್ಲಿ. ತಂಗಿಯನ್ನು ನೋಡಲು ಬರ್ಲಿನ್ನಿಗೆ ಹೋಗಬೇಕಾಗಿದ್ದ ಅವರನ್ನು ಮಗ ನಮ್ಮೊಂದಿಗೆ ಕಾರಿನಲ್ಲಿ ಕೂರಿಸಿಕೊಂಡ. ಇಂಗ್ಲಿಷನ್ನು ಅವರು ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದರು. ಅಂಥವರ ಮಾತು ನನ್ನಂಥವನಿಗೆ ಅನುಕೂಲ.

ನಾವು ಹೊರಟ ದಾರಿಗೆ ಈಗ ಒಂಬತ್ತನೆಯ ಆಟೋಬಾನ್ ಎಂದು ಹೆಸರು. ಮ್ಯೂನಿಕ್ಕಿನ ಉತ್ತರದ ಅಂಚಿನಲ್ಲಿ ಹೊರಟು ಇಂಗೋಲ್‌ಸ್ಟಾಟ್, ನ್ಯೂರಂಬರ್ಗ್, ಬೈರಾಯ್ಟ್, ಹೋಫ್‌ಗಳ ಬಳಿ ಹಾದು, ಥುರಿಂಜಿಯದ ಗುಡ್ಡಗಳನ್ನು ದಾಟಿ, ಲೈಪ್‌ಜಿಗ್ ಮತ್ತು ಡೆಸ್ಸೌ ನಗರಗಳ ಮಗ್ಗುಲಿನಲ್ಲಿ ಸಾಗಿ, ಪಾಟ್ಸ್‌ಡಾಮಿನ ಹತ್ತಿರ ಬರ್ಲಿನ್ನಿನ ಸುತ್ತುದಾರಿಯನ್ನು ಸೇರುತ್ತದೆ. ಉದ್ದ ಸುಮಾರು ೫೩೦ ಕಿಲೋಮೀಟರು. ಊರು ಬಿಡುವಲ್ಲಿ ರಸ್ತೆಯ ಪಕ್ಕದಲ್ಲಿ ಒಂದು ಪುಟ್ಟ ಕರಡಿಯ ವಿಗ್ರಹ ಕಂಡಿತು. ಶಿಲ್ಪಿ ರೆನೆ ಸಿಂಟೆನಿಸ್ ಎಂಬಾಕೆ ರೂಪಿಸಿದ್ದು. ಕರಡಿ ಬರ್ಲಿನ್ನಿನ ಲಾಂಛನ. ದೇಶ ಎರಡಾಗಿದ್ದ ಕಾಲದಲ್ಲಿ, ಆ ದಿಕ್ಕಿನಲ್ಲಿ ಬರ್ಲಿನ್ ಎಂಬ ಊರೊಂದು ಇದೆ, ಮರೆಯಬೇಡಿ ಎಂದು ಪಶ್ಚಿಮದವರು ಹೆದ್ದಾರಿಗಳ ಬದಿಯಲ್ಲಿ ಇಂಥ ಗುರುತುಗಳನ್ನು ನಿಲ್ಲಿಸಿದ್ದರಂತೆ.

ನಗರ ದಾಟಿದ ಮೇಲೆ ಎರಡು ಕಡೆಯೂ ಎತ್ತರದ ಕಂಬಗಳು, ಅವುಗಳಿಗೆ ಹಬ್ಬಿದ ಬಳ್ಳಿಗಳು. ನಮ್ಮ ಕಡೆಯ ವೀಳ್ಯದೆಲೆಯ ತೋಟವೇ ಇಲ್ಲಿಗೆ ಬಂದಂತೆ. ಬಿಯರಿಗೆ ಹಾಕುವ ಹಾಪ್ ಎಂಬ ಹೂವಿನ ಬಳ್ಳಿ ಅದು; ಹಾಲರ್‌ಟೌ ಎಂಬ ಈ ಸೀಮೆಯಷ್ಟು ಹಾಪ್ ಬೆಳೆಯುವ ಜಾಗ ಲೋಕದಲ್ಲಿ ಬೇರೆ ಇಲ್ಲವಂತೆ. ಅದಿರಲಿ. ನಾನು ನನ್ನ ಹಳೆಯ ಪಾಠವನ್ನು ತೆಗೆದೆ. “ಇದು ಹಿಟ್ಲರ್ ಮಾಡಿಸಿದ ರಸ್ತೆಯಲ್ಲವೆ?” ಎಂದು ಕೇಳಿದೆ. ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗೆಂದು ಅವನು ಹೇಳಿಕೊಂಡ” ಎಂದರು. ಆ ಒಂದು ಮಾತಿನ ಬೆನ್ನು ಹತ್ತಿ ನಾನು ಆಮೇಲೆ ಓದಿಕೊಂಡದ್ದನ್ನೂ ಆ ದಿನ ಕಂಡು ಕೇಳಿದ್ದನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಮೋಟಾರಿಗೆಂದೇ ಒಂದು ದಾರಿ ಬೇಕು, ಅದರಲ್ಲಿ ಗಾಡಿ ಕುದುರೆ ಪಾದಚಾರಿಗಳು ಬರಕೂಡದು, ಅಡ್ಡ ರಸ್ತೆ ಕೂಡಕೂಡದು ಎಂಬ ಯೋಚನೆ ಹಿಟ್ಲರನ ತಲೆಯಲ್ಲಿ ಹುಟ್ಟಿದ್ದಲ್ಲ. ಬರ್ಲಿನ್ನಿನಲ್ಲಿ ಆವುಸ್ ಎಂಬ ಸುಮಾರು ೧೦ ಕಿಲೋಮೀಟರಿನ ನೇರ ರಸ್ತೆಯ ಕೆಲಸ ೧೯೧೩ರಲ್ಲೇ ಮೊದಲಾಗಿ, ಮೊದಲ ಮಹಾಯುದ್ಧದಲ್ಲಿ ನಿಂತು, ೧೯೨೧ರಲ್ಲಿ ಮುಗಿಯಿತು. ಇಟಲಿಯಲ್ಲಿ ೧೯೨೪ರಲ್ಲಿ ಮಿಲಾನಿನಿಂದ ವರೇಸೆಯ ಕಡೆಗೆ ಮೋಟಾರು ದಾರಿ ತೆರೆಯಿತು. ೧೯೨೬ರಲ್ಲಿ ಜರ್ಮನಿಯ ಕೆಲವು ನಗರಗಳವರೂ ಎಂಜಿನಿಯರುಗಳೂ ಸೇರಿ ಹಫ್ರಾಬಾ ಎಂಬ ಸಂಘ ಕಟ್ಟಿದರು. ಉತ್ತರದ ಬಂದರು ನಗರಗಳಿಂದ ಫ್ರಾಂಕ್‌ಫರ್ಟಿನ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲಿನವರೆಗೆ ದಾರಿ ಹಾಕುವುದು ಅವರ ಕನಸು. ಮ್ಯೂನಿಕ್–ಲೈಪ್‌ಜಿಗ್–ಬರ್ಲಿನ್ ದಾರಿಗಾಗಿಯೂ ಅದೇ ದಶಕದಲ್ಲಿ ಒಂದು ಸಂಘ ಇತ್ತು. ಅಂದರೆ ನಾವು ಆ ದಿನ ಹೋಗುತ್ತಿದ್ದ ದಾರಿ ಹಿಟ್ಲರ್ ಅಧಿಕಾರಕ್ಕೆ ಬರುವ ಮುಂಚೆಯೇ ಕಾಗದದ ಮೇಲೆ ಇತ್ತು.

ಕಾಗದದ ಮೇಲಷ್ಟೇ ಅಲ್ಲ. ೧೯೩೨ರ ಆಗಸ್ಟ್ ೬ರಂದು ಕಲೋನ್ ನಗರದಿಂದ ಬಾನ್ ನಗರಕ್ಕೆ ಸುಮಾರು ೨೦ ಕಿಲೋಮೀಟರಿನ ನಿಜವಾದ ಮೋಟಾರು ಹೆದ್ದಾರಿ ತೆರೆಯಿತು. ತೆರೆದವರು ಕಲೋನಿನ ಅಂದಿನ ಮೇಯರು ಕಾನ್ರಾಡ್ ಅಡೆನೌವರ್. ೧೯೪೯ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದ ಮಹಾಶಯರೇ. ನಿರುದ್ಯೋಗಿಗಳಿಗೆ ಕೆಲಸ ಕೊಡುವುದೂ ಆ ರಸ್ತೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಮುಂದೆ ನಾಜಿಗಳು ಬಂದು ಆ ರಸ್ತೆಯನ್ನು ಆಟೋಬಾನ್ ಎಂಬ ಅಂತಸ್ತಿನಿಂದ ಇಳಿಸಿ ಸಾಮಾನ್ಯ ರಸ್ತೆಗಳ ಪಟ್ಟಿಗೆ ಸೇರಿಸಿದರು. ಮೊದಲನೆಯದು ತಮ್ಮದಾಗಬೇಕಾದರೆ ಅದಕ್ಕೂ ಮುಂಚಿನದನ್ನು ಪಟ್ಟಿಯಿಂದ ತೆಗೆಯಬೇಕಷ್ಟೆ! ಇದರಲ್ಲಿ ನನಗೆ ಹೆಚ್ಚು ಚುಚ್ಚಿದ ಸಂಗತಿ ಬೇರೆ: ವಿರೋಧ ಪಕ್ಷದಲ್ಲಿದ್ದಾಗ ಇದೇ ನಾಜಿಗಳು ಹಫ್ರಾಬಾ ಸಂಘದ ಯೋಜನೆಗೆ ಅಡ್ಡ ನಿಂತವರು. ಅಧಿಕಾರ ಸಿಕ್ಕಿದ ಮೇಲೆ ಅದೇ ಸಂಘವನ್ನು ಹೆಸರು ಬದಲಿಸಿ ಕೈಕೆಳಗೆ ತೆಗೆದುಕೊಂಡರು. ಅದರ ನಕ್ಷೆಗಳನ್ನು ಬಳಸಿಕೊಂಡರು.

೧೯೩೩ರ ಜೂನಿನಲ್ಲಿ ಕಾನೂನು, ಸೆಪ್ಟೆಂಬರ್ ೨೩ರಂದು ಫ್ರಾಂಕ್‌ಫರ್ಟಿನಲ್ಲಿ ಹಿಟ್ಲರ್ ಸನಿಕೆ ಹಿಡಿದು ಮಣ್ಣೆತ್ತುವ ಚಿತ್ರ, ೧೯೩೫ರ ಮೇ ೧೯ರಂದು ಫ್ರಾಂಕ್‌ಫರ್ಟ್–ಡಾರ್ಮ್‌ಸ್ಟಾಟ್ ಭಾಗದ ಉದ್ಘಾಟನೆ. ಎಲ್ಲವೂ ಕ್ಯಾಮೆರಾ ಮುಂದೆ ನಡೆಯಿತು. ಕೆಲಸದ ಮೇಲ್ವಿಚಾರಣೆಗೆ ನಿಂತವನು ಎಂಜಿನಿಯರ್ ಫ್ರಿಟ್ಸ್ ಟೋಟ್. ಆರು ಲಕ್ಷ ಜನರಿಗೆ ಕೆಲಸ ಎಂಬುದು ಘೋಷಣೆ. ರಸ್ತೆಯ ಮೇಲೆ ನೇರವಾಗಿ ದುಡಿದವರ ಸಂಖ್ಯೆ, ಅತಿ ಹೆಚ್ಚಿದ್ದ ೧೯೩೬ರಲ್ಲೂ, ಒಂದೂಕಾಲು ಲಕ್ಷದ ಆಸುಪಾಸು. ೧೯೩೩ರ ಮೊದಲಲ್ಲಿ ನಿರುದ್ಯೋಗಿಗಳು ಸುಮಾರು ಅರವತ್ತು ಲಕ್ಷ ಎಂಬುದನ್ನು ನೆನೆದರೆ ರಸ್ತೆಯ ಪಾಲೆಷ್ಟು ಎಂದು ಗೊತ್ತಾಗುತ್ತದೆ. ಅವರನ್ನು ಕರಗಿಸಿದ್ದು ಹೆಚ್ಚಾಗಿ ಯುದ್ಧದ ತಯಾರಿ. ಹಣವಾದರೂ ಎಲ್ಲಿಯದು? ಬಹುಪಾಲು ನಿರುದ್ಯೋಗ ವಿಮೆಗೆಂದು ಕೂಲಿಯವರ ಸಂಬಳದಿಂದ ಹಿಡಿದಿಟ್ಟ ನಿಧಿಯದೇ. ಬಿಡಾರಗಳಲ್ಲಿ ಇರಿಸಿ, ಕಡಿಮೆ ಕೂಲಿಗೆ ದುಡಿಸಿ, ಅವರ ದುಡ್ಡಿನಲ್ಲೇ ಅವರಿಂದ ರಸ್ತೆ ಮಾಡಿಸಿದಂತಾಯಿತು.

ಆ ರಸ್ತೆಯಲ್ಲಿ ಓಡಿದವರು ಯಾರು? ಸಾಮಾನ್ಯನಿಗೆ ಕಾರು ಎಂಬುದು ಇರಲೇ ಇಲ್ಲ. ವಾರಕ್ಕೆ ಐದು ಮಾರ್ಕಿನ ಚೀಟಿ ಅಂಟಿಸುತ್ತ ಹೋದರೆ ಕೊನೆಗೆ ನಿನಗೂ ಒಂದು ಕಾರು ಎಂದು ಸರ್ಕಾರ ಆಸೆ ತೋರಿಸಿತು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಅಂಟಿಸಿದರು. ಆ ಯೋಜನೆಯಿಂದ ಒಬ್ಬನ ಮನೆ ಬಾಗಿಲಿಗೂ ಕಾರು ಬರಲಿಲ್ಲ. ಕಾರ್ಖಾನೆ ಯುದ್ಧದ ಕೆಲಸಕ್ಕೆ ತಿರುಗಿತು. ೧೯೪೩ರ ಹೊತ್ತಿಗೆ ಹೆದ್ದಾರಿಗಳು ಎಷ್ಟು ಬರಿದಾಗಿದ್ದುವೆಂದರೆ ಸೈಕಲ್ಲಿನವರೂ ಅವುಗಳ ಮೇಲೆ ಹೋಗಬಹುದೆಂದು ಅಪ್ಪಣೆಯಾಯಿತು. ಯುದ್ಧ ಬಂದ ಮೇಲೆ ರಸ್ತೆಗೆ ಕೂಲಿಯವರ ಬದಲು ಸೆರೆಯಾಳುಗಳು ಬಂದರು. ಪೂರ್ವದಲ್ಲಿ, ಪೋಲೆಂಡಿನ ಪೋಜ್ನಾನ್ ಕಡೆಗೆ ಹೊರಟ ದಾರಿಯ ಉದ್ದಕ್ಕೂ ಶಿಬಿರಗಳನ್ನು ಹಾಕಿ ಯೆಹೂದಿಗಳನ್ನು ತಂದು ದುಡಿಸಿದರು. ಇದನ್ನು ಓದಿದ ದಿನ, “ಒಳ್ಳೆಯ ಕೆಲಸ ಒಂದಾದರೂ” ಎಂದು ಕೇಳಿದ ಹುಡುಗರ ಮುಖಗಳು ಒಂದೊಂದಾಗಿ ನೆನಪಿಗೆ ಬಂದುವು. ಈ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ.

ಹಾಗೆಂದು ಕಂಡದ್ದನ್ನು ಇಲ್ಲವೆನ್ನಲಾರೆ. ದಾರಿ ಸೊಗಸಾಗಿದೆ. ಡ್ಯಾನ್ಯೂಬ್ ನದಿಯನ್ನು ಇಂಗೋಲ್‌ಸ್ಟಾಟಿನಲ್ಲಿ ದಾಟಿ ಆಲ್ಟ್‌ಮ್ಯೂಲ್ ಕಣಿವೆಗೆ ಇಳಿಯುವಾಗ ರಸ್ತೆ ಬೆಟ್ಟದ ಮೈ ಸವರಿಕೊಂಡು ಬಳಸಿ ಬರುತ್ತದೆ. ಊರುಗಳು ದೂರದಲ್ಲಿ ಚಿತ್ರದಂತೆ ಕಾಣುತ್ತವೆ. ಇದು ಕಾಕತಾಳೀಯವಲ್ಲ, ಆಲ್ವಿನ್ ಸೈಫರ್ಟ್ ಮೊದಲಾದ ತೋಟಗಾರಿಕೆ ಬಲ್ಲವರನ್ನು ಕೂಡಿಸಿಕೊಂಡು, ದಾರಿ ನೆಲದೊಂದಿಗೆ ಹೊಂದಿಕೊಳ್ಳಬೇಕೆಂದು ಬೇಕೆಂದೇ ಮಾಡಿದ್ದು. ಚೆಲುವಿನ ಮೇಲೆ ಅಷ್ಟೊಂದು ಕಾಳಜಿ ಇದ್ದವರಿಗೆ ಮನುಷ್ಯರ ಮೇಲೆ ಇರಲಿಲ್ಲವಲ್ಲ ಎಂಬುದೇ ನನ್ನನ್ನು ಕಾಡಿದ್ದು.

ಮ್ಯೂನಿಕ್–ನ್ಯೂರಂಬರ್ಗ್ ಭಾಗ ೧೯೩೮ರಲ್ಲಿ ಪೂರ್ತಿ ತೆರೆಯಿತು. ಬರ್ಲಿನ್ ಕಡೆಯಿಂದ ಬರುವ ಭಾಗಗಳೂ ಆ ದಶಕ ಮುಗಿಯುವುದರೊಳಗೆ ಕೂಡಿಕೊಂಡುವು. ರಾಜಧಾನಿ ಬರ್ಲಿನ್, ನಾಜಿ ಪಕ್ಷ ಹುಟ್ಟಿದ ಮ್ಯೂನಿಕ್, ಅದು ವರ್ಷವರ್ಷ ಜಾತ್ರೆ ನೆರೆಸುತ್ತಿದ್ದ ನ್ಯೂರಂಬರ್ಗ್, ಮೂರನ್ನೂ ಪೋಣಿಸಿದ ದಾರವಿದು. ಹೀಗೆ ಪೋಣಿಸಿದ ದಾರ ಏಳು ವರ್ಷವೂ ಬಾಳಲಿಲ್ಲ.

ಬೈರಾಯ್ಟ್ ದಾಟಿದ ಮೇಲೆ ಫಿಕ್ಟೆಲ್ ಬೆಟ್ಟಗಳ ಮಗ್ಗುಲು. ಮ್ಯುಂಚ್‌ಬರ್ಗಿನ ತಗ್ಗಿನಲ್ಲಿ ಈಗ ಎತ್ತರದ ಸೇತುವೆಯ ಮೇಲೆ ಹೋಗುತ್ತೇವೆ. ಹಿಂದೆ ರಸ್ತೆ ತಗ್ಗಿಗೆ ಇಳಿದೇ ಹೋಗುತ್ತಿತ್ತು. ೧೯೯೦ರ ಅಕ್ಟೋಬರ್ ೧೯ರಂದು ಅಲ್ಲಿ ಮಂಜು ಕವಿದು ನೂರಕ್ಕೂ ಹೆಚ್ಚು ಗಾಡಿಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಹತ್ತು ಜನ ಸತ್ತರು. ದೇಶ ಒಂದಾಗಿ ಆಗ ಮೂರು ವಾರವೂ ಆಗಿರಲಿಲ್ಲ.

ಆಮೇಲೆ ಹೋಫ್. ಅದನ್ನು ದಾಟಿ ಸ್ವಲ್ಪ ದೂರದಲ್ಲಿ ರಸ್ತೆಯ ಮೇಲೆಯೇ ಅಡ್ಡಲಾಗಿ ಕಟ್ಟಿದ ಒಂದು ಹೋಟೆಲು ಕಾಣಿಸಿತು. ಕೆಳಗೆ ಕಾರುಗಳು, ಮೇಲೆ ಕಾಫಿ. ೧೯೬೭ರಲ್ಲಿ ತೆರೆದದ್ದು. ವೃದ್ಧರು ಅಲ್ಲಿಯವರೆಗೆ ಹರಟುತ್ತ ಬಂದವರು ಮಾತು ನಿಲ್ಲಿಸಿದರು. ಅವರ ಬಲಗೈ ಕೋಟಿನ ಎದೆಯ ಜೇಬನ್ನು ಮುಟ್ಟಿ ನೋಡಿತು. ನಾನು ನೋಡಿದೆನೆಂದು ತಿಳಿದು ನಾಚಿ ನಕ್ಕರು. “ಪಾಸ್‌ಪೋರ್ಟು. ಮೂವತ್ತು ವರ್ಷದ ಮೇಲಾಯಿತು ಕೇಳುವವರು ಹೋಗಿ. ಆದರೂ ಈ ಜಾಗಕ್ಕೆ ಬಂದಾಗ ಕೈ ತಾನೇ ಹೋಗುತ್ತದೆ” ಎಂದರು. ಎದುರಿಗೆ ಸಾಲೆ ನದಿ. ಊರು ರುಡಾಲ್ಫ್‌ಸ್ಟೈನ್. ಕಲ್ಲಿನ ಕಮಾನುಗಳ ಮೇಲೆ ನಿಂತ ಸೇತುವೆ. ಕಾರು ಅದನ್ನು ದಾಟಲು ಹತ್ತು ಸೆಕೆಂಡು ಹಿಡಿಯಿತೋ ಇಲ್ಲವೋ.

ಆ ಹತ್ತು ಸೆಕೆಂಡಿನ ಸೇತುವೆಯ ಕಥೆಯೇ ಈ ಬರಹಕ್ಕೆ ಕಾರಣ. ೧೯೪೫ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಮುಂದೊತ್ತಿ ಬರುತ್ತಿದ್ದಾಗ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನಿಕರೇ ಇದನ್ನು ಸಿಡಿಮದ್ದಿಟ್ಟು ಮುರಿದರು. ಹಿಟ್ಲರನ ರಸ್ತೆಯನ್ನು ಹಿಟ್ಲರನ ಸೈನ್ಯವೇ ಕಡಿದುಹಾಕಿತು. ಜುಲೈ ತಿಂಗಳಲ್ಲಿ ಅಮೆರಿಕದವರು ಥುರಿಂಜಿಯವನ್ನು ರಷ್ಯದವರಿಗೆ ಬಿಟ್ಟುಕೊಟ್ಟು ಹಿಂದೆ ಸರಿದರು. ಸಾಲೆ ನದಿ ಇಲ್ಲಿ ಗಡಿಯಾಯಿತು. ತೆಂಕಣ ದಡ ಪಶ್ಚಿಮಕ್ಕೆ, ಬಡಗಣ ದಡ ಪೂರ್ವಕ್ಕೆ. ಯುದ್ಧದಲ್ಲಿ ಮುರಿದ ಎಷ್ಟೋ ಸೇತುವೆಗಳು ಎರಡು ಮೂರು ವರ್ಷಗಳಲ್ಲಿ ಎದ್ದು ನಿಂತುವು. ಇದು ಮಾತ್ರ ಹಾಗೆಯೇ ಉಳಿಯಿತು. ಯಾರು ಕಟ್ಟಬೇಕು? ಯಾರ ಜೊತೆ ಮಾತಾಡಬೇಕು? ಪಶ್ಚಿಮ ಜರ್ಮನಿಯ ಲೆಕ್ಕದಲ್ಲಿ ಪೂರ್ವ ಜರ್ಮನಿ ಎಂಬ ರಾಜ್ಯವೇ ಇರಲಿಲ್ಲ. ಇಲ್ಲದವರ ಕೂಡ ಒಪ್ಪಂದ ಮಾಡಿಕೊಳ್ಳುವುದು ಹೇಗೆ? ದಾಯಾದಿಗಳು ಬೇಲಿಯ ಎರಡು ಕಡೆ ನಿಂತು, ನಡುವಿನ ಬಾವಿಗೆ ಹಗ್ಗ ಕೊಳ್ಳುವವರಾರೆಂದು ವರ್ಷಗಟ್ಟಲೆ ಕಾದಂತಾಯಿತು. ಅಷ್ಟು ಕಾಲವೂ ಬರ್ಲಿನ್ನಿಗೆ ಹೋಗುವವರು ಹೆದ್ದಾರಿ ಬಿಟ್ಟು ಇಳಿದು, ಟ್ಯೋಪೆನ್ ಎಂಬ ಹಳ್ಳಿಯ ಮೇಲೆ ಹಳೆಯ ರಸ್ತೆಯಲ್ಲಿ ಗಡಿ ದಾಟಿ, ಮತ್ತೆ ಮುಂದೆ ಹೆದ್ದಾರಿ ಸೇರಬೇಕಾಗಿತ್ತು.

ಕೊನೆಗೆ ೧೯೬೪ರ ಆಗಸ್ಟಿನಲ್ಲಿ ಒಪ್ಪಂದವಾಯಿತು. ಸರ್ಕಾರಗಳು ಸಹಿ ಹಾಕಲಿಲ್ಲ. ಎರಡು ಕಡೆಯ ವ್ಯಾಪಾರದ ಲೆಕ್ಕ ನೋಡುವ ಕಚೇರಿಗಳ ಮೂಲಕ ನಡೆಸಿದರು. ಕಟ್ಟುವ ಆಳುಗಳು ಪೂರ್ವದವರು, ಖರ್ಚು ಪಶ್ಚಿಮದವರದು. ೧೯೬೬ರ ಡಿಸೆಂಬರಿನಲ್ಲಿ ಸೇತುವೆ ತೆರೆಯಿತು. ಮುರಿದ ಇಪ್ಪತ್ತೊಂದು ವರ್ಷಗಳ ಮೇಲೆ! ಇದರಲ್ಲಿ ವಿಧಿಯ ಕುಚೋದ್ಯವೊಂದು ಸೇರಿಕೊಂಡಿದೆ. ಟ್ಯೋಪೆನ್ನಿನ ಹತ್ತಿರವೇ ಮ್ಯೋಡ್ಲರಾಯ್ಟ್ ಎಂಬ ಪುಟ್ಟ ಹಳ್ಳಿಯಿದೆ. ಹಳ್ಳಿಯ ನಡುವಿನ ತೊರೆಯೇ ಅಲ್ಲಿ ಗಡಿ. ಇಲ್ಲಿ ಸೇತುವೆ ಕೂಡಿಸಿದ ಅದೇ ೧೯೬೬ರಲ್ಲಿ ಅಲ್ಲಿ ಊರಿನ ನಟ್ಟನಡುವೆ ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಅಮೆರಿಕದ ಸಿಪಾಯಿಗಳು ಅದನ್ನು ಪುಟ್ಟ ಬರ್ಲಿನ್ ಎಂದು ಕರೆಯುತ್ತಿದ್ದರು.

ಸೇತುವೆ ಕೂಡಿದರೂ ದಾರಿ ಕೂಡಲಿಲ್ಲ. ವೃದ್ಧರು ಹೇಳಿದರು: ಚಿಕ್ಕಂದಿನಲ್ಲಿ ಅವರ ತಂದೆ ವರ್ಷಕ್ಕೊಮ್ಮೆ ಮನೆಯವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ನ್ಯೂರಂಬರ್ಗಿನ ಬಂಧುಗಳ ಮನೆಗೆ ಹೊರಡುತ್ತಿದ್ದರು. ಗಡಿಯ ಕಟ್ಟೆಯಲ್ಲಿ ಗಂಟೆಗಟ್ಟಲೆ ಕಾಯಬೇಕು. ನಗಕೂಡದು, ತಮಾಷೆ ಮಾಡಕೂಡದು, ಕೇಳಿದ್ದಕ್ಕೆ ಮಾತ್ರ ಉತ್ತರ ಎಂದು ಮಕ್ಕಳಿಗೆ ಪಾಠ. ಪೂರ್ವದ ಭಾಗದಲ್ಲಿ ಗಂಟೆಗೆ ನೂರು ಕಿಲೋಮೀಟರು ಮೀರಿದರೆ ದಂಡ, ಅದೂ ಪಶ್ಚಿಮದ ಮಾರ್ಕಿನಲ್ಲಿ. ಕಾಂಕ್ರೀಟಿನ ಹಳೆಯ ಹಾಸುಗಳ ಸಂದುಗಳಲ್ಲಿ ಗಾಲಿ ಬಿದ್ದು, ಟಕ್‌ಟಕ್ ಎನ್ನುವ ತಾಳ ಬರ್ಲಿನ್ನಿನವರೆಗೂ ನಿಲ್ಲುತ್ತಿರಲಿಲ್ಲವಂತೆ. ೧೯೭೧ರ ಡಿಸೆಂಬರಿನಲ್ಲಿ ಆದ ಸಂಚಾರದ ಒಪ್ಪಂದ ಮುಂದಿನ ಜೂನಿನಲ್ಲಿ ಜಾರಿಗೆ ಬಂದ ಮೇಲೆ ಕಾಯುವುದು ಕಡಿಮೆಯಾಯಿತು. ಪ್ರಯಾಣಿಕರು ತೆರಬೇಕಾದ ಸುಂಕಕ್ಕೆಂದು ಪಶ್ಚಿಮ ಜರ್ಮನಿ ಮೊದಮೊದಲು ವರ್ಷಕ್ಕೆ ೨೩.೪೯ ಕೋಟಿ ಮಾರ್ಕನ್ನು ಒಟ್ಟಾಗಿ ಕೊಡತೊಡಗಿತು. ಆದರೆ ದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗುವಂತಿರಲಿಲ್ಲ.

“ನಮ್ಮ ದೊಡ್ಡಪ್ಪ ಇದ್ದದ್ದು ಅಗೋ, ಅಲ್ಲಿ” ಎಂದು ಅವರು ಥುರಿಂಜಿಯದ ಒಂದು ಗುಡ್ಡದ ಕಡೆ ಕೈ ಮಾಡಿದರು. “ರಸ್ತೆಯಿಂದ ಹತ್ತು ಕಿಲೋಮೀಟರು. ಇಪ್ಪತ್ತು ಸಲವಾದರೂ ಅವರ ಊರಿನ ಪಕ್ಕದಲ್ಲಿ ಹೋಗಿದ್ದೇವೆ, ಮನೆ ನೋಡಿಲ್ಲ.” ಒಂದು ಸಲ ಕಾಗದದಲ್ಲಿ ಗುಟ್ಟಾಗಿ ಸೂಚನೆ ಕೊಟ್ಟುಕೊಂಡು ಹರ್ಮ್ಸ್‌ಡಾರ್ಫಿನ ಕೂಡುರಸ್ತೆಯ ಉಪಾಹಾರ ಗೃಹದಲ್ಲಿ ಸೇರಿದರಂತೆ. ದೊಡ್ಡಪ್ಪ ಪಕ್ಕದ ಮೇಜಿನಲ್ಲಿ, ಇವರಿಗೆ ಬೆನ್ನು ಹಾಕಿ ಕೂತರು. ತಂದೆ ಮಕ್ಕಳೊಡನೆ ಮಾತಾಡುವಂತೆ ಗಟ್ಟಿಯಾಗಿ ಮನೆಯ ಸಮಾಚಾರವನ್ನೆಲ್ಲ ಹೇಳಿದರು: ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ, ತಂಗಿಯ ಮದುವೆ, ಯಾರು ಸತ್ತರು, ಯಾರು ಹುಟ್ಟಿದರು. ದೊಡ್ಡಪ್ಪ ತಿರುಗಿ ನೋಡದೆ ಸೂಪು ಕುಡಿದು, ಹೊರಡುವಾಗ ಮಕ್ಕಳ ಮೇಜಿನ ಅಂಚನ್ನು ಕೈಯಿಂದ ಮುಟ್ಟಿ ಹೋದರಂತೆ. ಮಗ ಕಾರಿನ ವೇಗ ತಗ್ಗಿಸಿದ. ಯಾರೂ ಕೆಲವು ಹೊತ್ತು ಮಾತಾಡಲಿಲ್ಲ.

೧೯೮೯ರ ನವೆಂಬರ್ ೯ರ ರಾತ್ರಿ ಗೋಡೆ ಬಿದ್ದ ಮೇಲೆ ಪೂರ್ವದ ಪುಟಾಣಿ ಟ್ರಬಾಂಟ್ ಕಾರುಗಳು ಈ ಸೇತುವೆಯ ಮೇಲೆ ಇರುವೆ ಸಾಲಿನಂತೆ ಪಶ್ಚಿಮಕ್ಕೆ ಬಂದುವು. ೧೯೯೦ರ ಜುಲೈ ೧ರಿಂದ ಗಡಿಯ ತಪಾಸಣೆ ನಿಂತಿತು. ಮರುವರ್ಷವೇ ಬರ್ಲಿನ್ನಿನಿಂದ ನ್ಯೂರಂಬರ್ಗಿನವರೆಗೆ ಒಂದೊಂದು ಕಡೆಗೆ ಎರಡು ಸಾಲಿದ್ದುದನ್ನು ಮೂರು ಸಾಲು ಮಾಡುವ ಯೋಜನೆ ಕೈಗೊಂಡರು. ಅದು ಮುಗಿದದ್ದು ೨೦೧೪ರಲ್ಲಿ. ಮೊದಲ ಸಲ ಕಟ್ಟಿದ್ದು ನಾಲ್ಕೈದು ವರ್ಷದಲ್ಲಿ. ಸರಿಪಡಿಸಿದ್ದು ಇಪ್ಪತ್ತಮೂರು ವರ್ಷದಲ್ಲಿ. ಜಮೀನಿನವನನ್ನು ಕೇಳಿ, ಹಳ್ಳಿಯವರ ತಕರಾರು ಆಲಿಸಿ, ಕೂಲಿಯವನಿಗೆ ಸಲ್ಲಬೇಕಾದ ಕೂಲಿ ಕೊಟ್ಟು ರಸ್ತೆ ಮಾಡಿದರೆ ಹೊತ್ತು ಹಿಡಿಯುತ್ತದೆ.

ಲೈಪ್‌ಜಿಗ್ಗಿನ ಬಳಿ ಷ್ಕೋಯ್ಡಿಟ್ಸ್ ಕೂಡುರಸ್ತೆ, ಎರಡು ಆಟೋಬಾನುಗಳು ನಾಲ್ಕೆಸಳಿನ ಹೂವಿನಂತೆ ಹೆಣೆದುಕೊಂಡದ್ದು, ಯುರೋಪಿನಲ್ಲೇ ಈ ಬಗೆಯ ಮೊದಲನೆಯದು. ಡೆಸ್ಸೌ ಹತ್ತಿರ ದಾರಿ ಗೆರೆ ಎಳೆದಂತೆ ನೇರ. ವೇಗದ ದಾಖಲೆ ಮಾಡಲೆಂದೇ ಅಲ್ಲಿ ನಡುವಣ ಹುಲ್ಲಿನ ಪಟ್ಟಿ ಬಿಡದೆ ಇಡೀ ಅಗಲಕ್ಕೆ ಕಾಂಕ್ರೀಟು ಹಾಕಿದ್ದರು; ೧೯೩೯ರ ಫೆಬ್ರವರಿಯಲ್ಲಿ ಕರಾಚಿಯೋಲಾ ಎಂಬ ಪಂದ್ಯಗಾರ ಅಲ್ಲಿ ಗಂಟೆಗೆ ನಾನೂರು ಕಿಲೋಮೀಟರಿನ ಅಂಚಿಗೆ ಮುಟ್ಟಿದ. ಎಲ್ಬೆ ನದಿ ದಾಟಿ, ಪೈನ್ ಮರಗಳ ಕಾಡು ಹೊಕ್ಕು, ಬರ್ಲಿನ್ನಿನ ಸುತ್ತುದಾರಿ ಹಿಡಿದೆವು. ಅಲ್ಲಿಂದ ನಗರದೊಳಕ್ಕೆ ಹೋಗುವ ದಾರಿಯಲ್ಲಿ ವೃದ್ಧರು ಗಡಿಯಾರ ನೋಡಿಕೊಂಡರು. ಆರು ಗಂಟೆಯಾಗಿತ್ತು, ಊಟಕ್ಕೆ ನಿಂತದ್ದೂ ಸೇರಿ.

“ಈಗ ನಾವು ಹೋಗುತ್ತಿರುವ ರಸ್ತೆ ಯಾವುದು ಗೊತ್ತೇ?” ಎಂದು ಕೇಳಿದರು. ಕಾಡಿನ ನಡುವೆ ನೇರವಾಗಿ ಹೋಗುವ ಹಳೆಯ ದಾರಿ. ೧೯೨೧ರ ಆವುಸ್. ಹಿಟ್ಲರನ ಹೆಸರನ್ನು ಜರ್ಮನಿಯಲ್ಲಿ ಹೆಚ್ಚು ಜನ ಕೇಳಿಯೂ ಇರದಿದ್ದಾಗ ತೆರೆದದ್ದು.

ಊರಿಗೆ ಬಂದ ಮೇಲೆ ಶಿಷ್ಯನಿಗೆ ಉದ್ದದ ಕಾಗದವೊಂದನ್ನು ಬರೆದೆ. ನಾನು ಹೇಳಿದ್ದು ತಪ್ಪು, ನೀನು ಹೇಳುತ್ತಿರುವುದೂ ತಪ್ಪು, ತಿದ್ದಿಕೋ ಎಂದು ಶುರುಮಾಡಿ, ಹಫ್ರಾಬಾ, ಅಡೆನೌವರ್, ವಿಮೆಯ ನಿಧಿ, ಶಿಬಿರಗಳು, ಸೇತುವೆ, ಸೂಪು ಕುಡಿದ ದೊಡ್ಡಪ್ಪ, ಎಲ್ಲವನ್ನೂ ಬರೆದೆ. ವಾರ ಬಿಟ್ಟು ಉತ್ತರ ಬಂತು. “ಸಾರ್, ಗಂಟೆ ಹೊಡೆಯುವ ಮುಂಚಿನ ಎರಡು ನಿಮಿಷದಲ್ಲಿ ಇಷ್ಟೆಲ್ಲ ಹೇಳಲಾಗದು. ಈ ವರ್ಷ ಆ ಪಾಠಕ್ಕೆ ಇನ್ನೂ ಎರಡು ಪೀರಿಯಡ್ ಇಟ್ಟುಕೊಂಡಿದ್ದೇನೆ. ಹುಡುಗರು ದೊಡ್ಡಪ್ಪನ ಹೆಸರೇನೆಂದು ಕೇಳಿದರೆ ಏನು ಹೇಳಲಿ?”

ನಾನು ಅದನ್ನು ವೃದ್ಧರನ್ನು ಕೇಳಿರಲಿಲ್ಲ.